ಉರಿಯುವ ಮನೆಯಲ್ಲಿ ಗಳ ಹಿರಿದವರು

ಡೊರೊಥಿಯಾ ಲ್ಯಾಂಗ್ 1942ರ ಮಾರ್ಚ್‌ನಲ್ಲಿ ಓಕ್‌ಲ್ಯಾಂಡ್‌ನಲ್ಲಿ ತೆಗೆದ ಒಂದು ಫೋಟೋವನ್ನು ನೀವು ಸ್ಕೂಲಿನ ಹಿಸ್ಟರಿ ಪುಸ್ತಕದಲ್ಲಿ ನೋಡಿರಬಹುದು. ಜಪಾನಿ ಮೂಲದವರ ದಿನಸಿ ಅಂಗಡಿ. ಮುಂದೆ ‘ನಾನು ಅಮೆರಿಕನ್’ ಅಂತ ದೊಡ್ಡ ಅಕ್ಷರದ ಬೋರ್ಡು. ಪರ್ಲ್ ಹಾರ್ಬರ್ ದಾಳಿಯ ಮರುದಿನ ಅಂಗಡಿಯವರು ಹಾಕಿಸಿದ್ದು. ಎಲ್ಲರ ಕಣ್ಣೂ ಅದಕ್ಕೇ ಹೋಗುತ್ತೆ. ಅದೇ ಫೋಟೋದಲ್ಲಿ ಇನ್ನೊಂದು ಬೋರ್ಡಿದೆ: ‘ಮಾರಾಟವಾಗಿದೆ’. ನನಗೆ ಕುತೂಹಲ ಇರೋದು ಅದರ ಬಗ್ಗೆ. ಅವಸರದಲ್ಲಿ ಮಾರುವವರ ಜೊತೆ ಏನು ಮಾತಾಡಿ ಕೊಳ್ಳುತ್ತಾರೆ?

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಆ ವರ್ಷ ಜಪಾನಿ ಮೂಲದ ಸುಮಾರು 1,20,000 ಜನ ಮನೆಮಠ ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ಮೂರರಲ್ಲಿ ಎರಡು ಪಾಲು ಜನ ಇಲ್ಲೇ ಹುಟ್ಟಿದ ಪ್ರಜೆಗಳು. ನಿಮ್ಮಲ್ಲಿ ಎಷ್ಟೋ ಜನರ ಹಾಗೆ, ಎರಡನೇ ತಲೆಮಾರು. ಕೈಯಲ್ಲಿ ಹೊರುವಷ್ಟು ಸಾಮಾನಿಗೆ ಮಾತ್ರ ಅನುಮತಿ. ಸಿಯಾಟಲ್ ಪಕ್ಕದ ಬೇನ್‌ಬ್ರಿಜ್ ದ್ವೀಪದವರಿಗೆ ಸಿಕ್ಕಿದ್ದು 6 ದಿನ. ಲಾಸ್ ಏಂಜಲಿಸ್ ಬಂದರಿನ ಟರ್ಮಿನಲ್ ಐಲ್ಯಾಂಡ್‌ನ ಮೀನುಗಾರ ಕುಟುಂಬಗಳಿಗೆ 48 ಗಂಟೆ. ಅಲ್ಲಿನ ಗಂಡಸರಲ್ಲಿ ಅನೇಕರನ್ನು ಎಫ್‌ಬಿಐ ಮೊದಲೇ ಹಿಡಿದುಕೊಂಡು ಹೋಗಿತ್ತು. ಹಾಗಾಗಿ ಬಾಗಿಲಲ್ಲಿ ನಿಂತು ರೇಟು ಮಾತಾಡುವ ಪಾಡು ಹೆಂಗಸರದ್ದು.

ಹಳೇ ಸಾಮಾನಿನ ವ್ಯಾಪಾರಿಗಳು ಲಾರಿ ತಗೊಂಡು ಬಂದರು. ಜೀನ್ ವಾಕಾತ್ಸುಕಿ ಹ್ಯೂಸ್ಟನ್ ತಮ್ಮ ಗಂಡನ ಜೊತೆ ಬರೆದ ‘ಫೇರ್‌ವೆಲ್ ಟು ಮ್ಯಾಂಜನಾರ್’ (1973) ಪುಸ್ತಕದಲ್ಲಿ ಒಂದು ಘಟನೆ ಇದೆ. ಅವರ ತಾಯಿಯ ಹತ್ತಿರ ಹನ್ನೆರಡು ಜನಕ್ಕೆ ಬಡಿಸುವಷ್ಟು ಪಿಂಗಾಣಿ ಸೆಟ್ ಇತ್ತು. ವ್ಯಾಪಾರಿ 15 ಡಾಲರ್ ಅಂದ. ಕಡಿಮೆ ಅಂದ್ರೂ 200 ಬಾಳುತ್ತೆ ಅಂದರು ಅವರು. ಅವನು ಹದಿನೇಳೂವರೆಗೆ ಏರಿದ. ಆ ತಾಯಿ ಒಂದು ತಟ್ಟೆ ತೆಗೆದು ಅವನ ಕಾಲ ಮುಂದೆ ನೆಲಕ್ಕೆ ಎಸೆದರು. ಆಮೇಲೆ ಇನ್ನೊಂದು. ಆಮೇಲೆ ಇಡೀ ಸೆಟ್ಟು.

ಲೆಕ್ಕ ಮಾತ್ರ ನೋಡಿದರೆ ವ್ಯಾಪಾರಿಯೇ ಸರಿ. ಹದಿನೇಳೂವರೆ ಡಾಲರ್ ಸೊನ್ನೆಗಿಂತ ಜಾಸ್ತಿ. ‘ನಾನು ಕೊಳ್ಳದೆ ಇದ್ರೆ ಇನ್ನೊಬ್ಬ ಹತ್ತು ಡಾಲರ್ ಕೊಡ್ತಾನೆ, ಆದೇಶ ಹೊರಡಿಸಿದ್ದು ನಾನಲ್ಲ’ ಅನ್ನೋ ವಾದವನ್ನು ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಎಲ್ಲ ವ್ಯಾಪಾರಿಗಳೂ ದೂರ ಉಳಿದಿದ್ದರೆ ಆ ಕುಟುಂಬಗಳ ಕೈಗೆ ಆ ಪುಡಿಗಾಸೂ ಬರ್ತಿರಲಿಲ್ಲ.

ಆದರೆ ಚೌಕಾಸಿ ಅಂದ್ರೆ ಏನು ಅಂತ ನಮಗೆ ಗೊತ್ತು. ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನಲ್ಲಿ ಅಜ್ಜಿ ಜೊತೆ ಹೋದವರು ನೆನಪು ಮಾಡಿಕೊಳ್ಳಿ. ‘ಬೇಡ ಬಿಡಪ್ಪಾ’ ಅಂತ ಅಜ್ಜಿ ನಾಲ್ಕು ಹೆಜ್ಜೆ ಮುಂದೆ ಹೋಗ್ತಾರೆ, ಅಂಗಡಿಯವನು ಕರೀತಾನೆ. ಒಮ್ಮೊಮ್ಮೆ ಕರೆಯೋದೇ ಇಲ್ಲ. ಅಜ್ಜಿಗೂ ಹೋಗೋ ಸ್ವಾತಂತ್ರ್ಯ ಇದೆ, ಅವನಿಗೂ ಕೊಡದೇ ಇರೋ ಸ್ವಾತಂತ್ರ್ಯ ಇದೆ. ಟರ್ಮಿನಲ್ ಐಲ್ಯಾಂಡ್‌ನಲ್ಲಿ ಎದ್ದು ಹೋಗುವ ಸ್ವಾತಂತ್ರ್ಯ ಒಬ್ಬರಿಗೆ ಮಾತ್ರ ಇತ್ತು. ಅಲ್ಲಿ ರೇಟು ಹುಟ್ಟಿದ್ದು ಪಿಂಗಾಣಿಯಿಂದಲ್ಲ, ಗಡಿಯಾರದಿಂದ. ನನ್ನ ಕೆಲಸವೇ ಡೇಟಾ ನೋಡೋದು, ಅದಕ್ಕೇ ಈ ಮಾತು: ಅಂಥ ಮಾರಾಟಗಳನ್ನೆಲ್ಲ ಒಂದು ಟೇಬಲ್‌ಗೆ ಹಾಕಿ, ಗಡುವಿನ ಕಾಲಂ ಬಿಟ್ಟುಬಿಟ್ಟರೆ, ಅವೆಲ್ಲ ಶುದ್ಧ ಮಾರುಕಟ್ಟೆ ಬೆಲೆ ಥರಾನೇ ಕಾಣುತ್ತವೆ.

ಇದಕ್ಕೆ ನಮ್ಮಲ್ಲಿ ಒಂದು ಮಾತಿದೆ, ‘ಉರಿಯುವ ಮನೆಯಲ್ಲಿ ಗಳ ಹಿರಿಯೋದು’. ಗಳ ಅಂದ್ರೆ ಮಾಡಿಗೆ ಹಾಕುವ ಬಿದಿರಿನ ಬೊಂಬು. ಹಿರಿಯೋದು ಅಂದ್ರೆ ಎಳೆದುಕೊಳ್ಳೋದು. ಮನೆಗೆ ಬೆಂಕಿ ಬಿದ್ದಾಗ ಎಲ್ಲರೂ ನೀರು ತರ್ತಿದ್ರೆ ಇವನು ಬೊಂಬು ಎಳ್ಕೊಂಡು ಹೋಗ್ತಾನೆ. ಹೇಗಿದ್ರೂ ಸುಟ್ಟುಹೋಗ್ತಿತ್ತಲ್ಲ ಅನ್ನೋದು ಅವನ ವಾದ.

ಬೆಂಕಿಗೆ ಗಾಳಿ ಹಾಕಿದವರೂ ಇದ್ದರು. ಕ್ಯಾಲಿಫೋರ್ನಿಯಾದ 1913ರ ಕಾನೂನು ಜಪಾನಿ ವಲಸಿಗರು ಕೃಷಿಭೂಮಿ ಕೊಳ್ಳದಂತೆ ತಡೆದಿತ್ತು. ಹಲವರು ಇಲ್ಲೇ ಹುಟ್ಟಿದ ಮಕ್ಕಳ ಹೆಸರಲ್ಲಿ ಜಮೀನು ಮಾಡಿ, ಇಲ್ಲವೇ ಗೇಣಿಗೆ ಹಿಡಿದು ಬೆಳೆ ತೆಗೆದರು. ಸಲಿನಾಸ್‌ನ ತರಕಾರಿ ಬೆಳೆಗಾರರ ಸಂಘದ ಪದಾಧಿಕಾರಿಯೊಬ್ಬ, ಜಪಾನಿಯರನ್ನು ಓಡಿಸೋದರಲ್ಲಿ ತಮ್ಮ ಸ್ವಾರ್ಥ ಇದೆ ಅಂತ 1942ರಲ್ಲೇ ಪತ್ರಿಕೆಯೊಂದರ ಮುಂದೆ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿದ್ದ. ಇತ್ತ ಅಧಿಕಾರಿಗಳು ರೈತರಿಗೆ ಹೇಳಿದ್ದು, ಹೊರಡೋ ತನಕ ಬೆಳೆ ನೋಡಿಕೊಳ್ಳಿ, ಕೈಬಿಟ್ಟರೆ ದೇಶದ್ರೋಹದ ಕೆಲಸ ಅಂತ ಪರಿಗಣಿಸ್ತೀವಿ ಅಂತ. ಬಿತ್ತಿದವರೊಬ್ಬರು, ಕೊಯ್ದವರು ಇನ್ನೊಬ್ಬರು.

ಇದು ಯುದ್ಧಕಾಲದ ಕಥೆ ಅಂತ ಪಕ್ಕಕ್ಕಿಡಬೇಡಿ. ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಸಿಗೋದು ಹೆಚ್ಚೆಂದರೆ 60 ದಿನ. ಶಿಬಿರಕ್ಕೂ ಇದಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ವಾಟ್ಸ್ಯಾಪ್ ಗ್ರೂಪಿನಲ್ಲಿ ‘ಮೂವಿಂಗ್ ಸೇಲ್, ಭಾನುವಾರದೊಳಗೆ ಹೋಗಬೇಕು’ ಅಂತ ಕಾರು, ತೊಟ್ಟಿಲು, ಡೈನಿಂಗ್ ಟೇಬಲ್ ಫೋಟೋ ಬಂದಾಗ, ನಮ್ಮಲ್ಲೇ ಕೆಲವರು ಶನಿವಾರ ರಾತ್ರಿವರೆಗೂ ಕಾಯ್ತಾರೆ. ಭಾನುವಾರ ಅನ್ನೋ ಒಂದು ಪದದ ಬೆಲೆ ಅವರಿಗೆ ಗೊತ್ತು. ಹಳೇ ಟೇಬಲ್‌ಗೆ ಹಳೇ ಟೇಬಲ್ ರೇಟು ಕೇಳಿ, ತಪ್ಪಿಲ್ಲ. ಆ ಭಾನುವಾರಕ್ಕೂ ಡಿಸ್ಕೌಂಟ್ ಕೇಳೋದು ಬೇರೆ ವ್ಯವಹಾರ.

ಬೇರೆ ರೀತಿ ನಡೆದುಕೊಂಡವರೂ ಇದ್ದರು. ಸ್ಯಾಕ್ರಮೆಂಟೊ ಬಳಿಯ ಫ್ಲೋರಿನ್‌ನಲ್ಲಿ ಬಾಬ್ ಫ್ಲೆಚರ್ ಅಂತ ಒಬ್ಬ ಸರ್ಕಾರಿ ಕೃಷಿ ಇನ್‌ಸ್ಪೆಕ್ಟರ್. ಅಲ್ಲಿನ ಒಬ್ಬ ಜಪಾನಿ ಮೂಲದ ರೈತ ಅವನ ಮುಂದೆ ಒಂದು ಮಾತು ಇಟ್ಟ: ನಮ್ಮ ದ್ರಾಕ್ಷಿ ತೋಟ, ಜೊತೆಗೆ ಇನ್ನೆರಡು ಕುಟುಂಬಗಳ ತೋಟ ನೋಡಿಕೊಳ್ಳಿ, ಸಾಲ-ತೆರಿಗೆ ಕಟ್ಟಿ, ಲಾಭ ಪೂರ್ತಿ ನೀವೇ ಇಟ್ಟುಕೊಳ್ಳಿ. ಫ್ಲೆಚರ್ ಕೆಲಸ ಬಿಟ್ಟು ಬಂದ. ಇಟ್ಟುಕೊಂಡಿದ್ದು ಅರ್ಧ ಲಾಭ ಮಾತ್ರ. ಮಾಲೀಕರ ಮನೆ ಖಾಲಿ ಇದ್ದರೂ ಕೂಲಿಯಾಳುಗಳ ಕೊಟ್ಟಿಗೆಯಲ್ಲಿ ಮಲಗಿದ. ಊರಿನವರು ಬೈದರು, ಕಣಜದ ಕಡೆ ಯಾರೋ ಗುಂಡೂ ಹಾರಿಸಿದರು.

1948ರಲ್ಲಿ ಸರ್ಕಾರ ಪರಿಹಾರದ ಕಾನೂನು ತಂದಿತು. ಜನ ಕೇಳಿದ್ದು ಸುಮಾರು 14.8 ಕೋಟಿ ಡಾಲರ್, ಸಿಕ್ಕಿದ್ದು ಸುಮಾರು 3.7 ಕೋಟಿ. ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಮತ್ತು ಕ್ಷಮೆ ಸಿಗೋಕೆ 1988ರ ಕಾನೂನು ಬರಬೇಕಾಯಿತು. ಫ್ಲೋರಿನ್‌ನ ಆ ಮೂರು ಕುಟುಂಬಗಳು ಮಾತ್ರ ಅಷ್ಟು ದಿನ ಕಾಯಬೇಕಾಗಿರಲಿಲ್ಲ. 1945ರಲ್ಲಿ ವಾಪಸ್ ಬಂದಾಗ ತೋಟ ಅವರದ್ದಾಗೇ ಇತ್ತು, ಬ್ಯಾಂಕಿನಲ್ಲಿ ಅವರ ಪಾಲಿನ ದುಡ್ಡಿತ್ತು. ಫ್ಲೆಚರ್ ಹೆಂಡತಿ ತೆರೇಸಾ ಅವರ ಮನೆಯನ್ನು ಗುಡಿಸಿ, ತೊಳೆದು ಇಟ್ಟಿದ್ದರು.