ಶಾಲೆಯ ಗಂಟೆ ಮತ್ತು ಮಕ್ಕಳ ಊಟದ ಹೊತ್ತು

ಮಕ್ಕಳ ಆಹಾರವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಏನನ್ನು ಉಣಿಸಬೇಕು, ಎಷ್ಟನ್ನು ಉಣಿಸಬೇಕು ಎಂಬ ಎರಡು ಪ್ರಶ್ನೆಗಳನ್ನೇ ಸುತ್ತಿಕೊಂಡಿದ್ದು, ಯಾವ ಹೊತ್ತಿನಲ್ಲಿ ಉಣಿಸಬೇಕು ಎಂಬ ಮೂರನೆಯ ಪ್ರಶ್ನೆಗೆ ಸಲ್ಲಬೇಕಾದಷ್ಟು ಗಮನವು ಸಂದಿಲ್ಲ. ಆದರೆ ಶಾಲೆಗೆ ಹೋಗುವ ಮಗುವುಳ್ಳ ಯಾವ ಮನೆಯ ಅಡುಗೆಯವರನ್ನು ವಿಚಾರಿಸಿದರೂ ಅವರ ನಿತ್ಯದ ಕ್ಲೇಶವು ಬಹುಪಾಲು ಹೊತ್ತಿಗೆ ಸಂಬಂಧಿಸಿದುದೆಂಬುದು ಒಡನೆಯೇ ತಿಳಿದುಬರುತ್ತದೆ. ಹಸಿವಿಲ್ಲದ ಹೊತ್ತಿನಲ್ಲಿ ತಿಂಡಿಯನ್ನು ಒತ್ತಾಯಿಸಬೇಕಾಗುವುದು, ಹಸಿವು ಹೆಚ್ಚಿದ ಹೊತ್ತಿನಲ್ಲಿ ಮನೆಯಲ್ಲಿ ಏನೂ ಸಿದ್ಧವಿಲ್ಲದಿರುವುದು, ಡಬ್ಬಿಯಲ್ಲಿ ಕಟ್ಟಿಕೊಟ್ಟುದು ಅರ್ಧ ಹಾಗೆಯೇ ಮರಳುವುದು, ಇವೆಲ್ಲವೂ ಶಾಲೆಯ ವೇಳಾಪಟ್ಟಿಗೂ ಮಗುವಿನ ದೇಹದ ವೇಳಾಪಟ್ಟಿಗೂ ಇರುವ ಅಸಾಂಗತ್ಯದ ಫಲಗಳು. ಈ ಅಸಾಂಗತ್ಯವು ಹೇಗೆ ಹುಟ್ಟಿತು, ಕರ್ನಾಟಕದಲ್ಲಿ ಅದನ್ನು ಎಷ್ಟರಮಟ್ಟಿಗೆ ಸರಿಪಡಿಸಲಾಗಿದೆ, ಉಳಿದುದನ್ನು ಎಲ್ಲಿಂದ ಸರಿಪಡಿಸತೊಡಗಬೇಕು ಎಂಬುದನ್ನು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

1823ರಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ಲರು ಮದರಾಸು ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ತಮ್ಮ ಜಿಲ್ಲೆಯಲ್ಲಿದ್ದ 533 ಪಾಠಶಾಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಅವು ಸಾಮಾನ್ಯವಾಗಿ ಬೆಳಗಿನ ಆರು ಗಂಟೆಗೆ ತೆರೆಯುತ್ತಿದ್ದುವೆಂದೂ, ಎಲ್ಲರಿಗಿಂತ ಮೊದಲು ಬಂದ ಬಾಲಕನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರೆಂದೂ, ಮೂರನೆಯವನಿಂದ ಮುಂದೆ ಬಂದವರಿಗೆ ಬಂದ ಕ್ರಮಕ್ಕನುಸಾರವಾಗಿ ಏಟುಗಳು ಬೀಳುತ್ತಿದ್ದುವೆಂದೂ ತಿಳಿಸಿದ್ದಾರೆ. ಆರು ಗಂಟೆಯೆಂಬುದು ಇಂದಿನ ಯಾವ ಶಾಲೆಗಿಂತಲೂ ಮುಂಚಿನ ಹೊತ್ತು. ಆದರೂ ಆ ಕ್ರಮವು ಮಕ್ಕಳ ಹೊಟ್ಟೆಗೆ ಇಂದಿನಷ್ಟು ವಿರೋಧಿಯಾಗಿದ್ದಿತೆಂದು ಊಹಿಸಲು ಕಾರಣವಿಲ್ಲ. ಏಕೆಂದರೆ ಕೂಲಿಮಠವೆಂಬ ಆ ಪಾಠಶಾಲೆಯು ಊರೊಳಗಿನ ಯಾವುದೋ ಜಗಲಿಯ ಮೇಲೋ, ಗುಡಿಯ ಅಂಗಳದಲ್ಲೋ, ಅಯ್ಯಗಳ ಮನೆಯ ಪಡಸಾಲೆಯಲ್ಲೋ ನಡೆಯುವ ಪಾಠವಾಗಿದ್ದು, ಮಗುವು ತನ್ನ ಮನೆಯ ಒಲೆಯಿಂದ ಕೂಗಳತೆಯ ದೂರದಲ್ಲಿಯೇ ಇರುತ್ತಿದ್ದಿತು. ಪಾಠದ ಹೊತ್ತು ಎಷ್ಟೇ ದೀರ್ಘವಾಗಿರಲಿ, ನಡುವೆ ಮನೆಗೆ ಹೋಗಿ ಉಂಡು ಬರುವ ದಾರಿಯು ಅಲ್ಲಿ ಮುಚ್ಚಿಹೋಗಿರಲಿಲ್ಲ.

ತರುವಾಯ ಬಂದ ಇಂಗ್ಲಿಷ್ ಮಾದರಿಯ ಶಾಲೆಯು ಕಚೇರಿಯ ಹತ್ತು ಗಂಟೆಯನ್ನೇ ತನ್ನ ಹತ್ತು ಗಂಟೆಯನ್ನಾಗಿ ಮಾಡಿಕೊಂಡಿತು. ಕಚೇರಿಗೆ ಹೊರಡುವ ತಂದೆಯೊಡನೆ ಮಕ್ಕಳೂ ಒಂಬತ್ತೂವರೆಗೆ ಅನ್ನ, ಹುಳಿ, ಮಜ್ಜಿಗೆಯ ಪೂರ್ಣ ಭೋಜನವನ್ನು ಮುಗಿಸಿ ಓಡುವ ರೂಢಿಯು ಪಟ್ಟಣಗಳ ಅನೇಕ ಮನೆಗಳಲ್ಲಿ ಬೇರೂರಿತು. ಒಕ್ಕಲು ಮನೆಗಳಲ್ಲಿಯಾದರೋ ಹೊಲದ ಕೆಲಸವನ್ನು ಅನುಸರಿಸಿ ಹಿಟ್ಟಿನ ಹೊತ್ತು ಬೇರೆಯಾಗಿದ್ದಿತು. ಹೊಲಕ್ಕೆ ಬುತ್ತಿ ಹೋಗುವ ಹೊತ್ತಿಗೆ ಮಗುವು ಶಾಲೆಯಲ್ಲಿರುತ್ತಿದ್ದುದರಿಂದ, ಅದು ರಾತ್ರಿಯ ತಂಗಳನ್ನು ಉಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿಯುಂಟಾಯಿತು. ಒಟ್ಟಿನಲ್ಲಿ ಬೆಳಗಿನಿಂದ ಸಂಜೆಯವರೆಗಿನ ದೀರ್ಘಾವಕಾಶವನ್ನು ಮಗುವು ಒಂದೇ ಊಟದ ಬಲದಿಂದ, ಎಷ್ಟೋ ಸಲ ಅದೂ ಇಲ್ಲದೆ, ದಾಟಬೇಕಾಗಿ ಬಂದಿತು.

ಈ ಅಂತರದ ಮಧ್ಯಭಾಗವನ್ನು ತುಂಬಿದ ಕೀರ್ತಿಯು ಮಧ್ಯಾಹ್ನದ ಬಿಸಿಯೂಟಕ್ಕೆ ಸಲ್ಲತಕ್ಕದ್ದು. 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರ ಯೋಜನೆಯು ಬಹುತೇಕ ರಾಜ್ಯಗಳಲ್ಲಿ ತಿಂಗಳಿಗೆ ಮೂರು ಕಿಲೋ ಧಾನ್ಯವನ್ನು ಮನೆಗೆ ಕೊಡುವುದರಲ್ಲಿಯೇ ನಿಂತಿದ್ದಿತು. ಧಾನ್ಯವು ಮನೆಯ ಮಡಕೆಯನ್ನು ಸೇರುತ್ತಿದ್ದಿತೇ ಹೊರತು ಹಸಿವಿನ ಹೊತ್ತಿಗೆ ಮಗುವಿನ ಮುಂದೆ ಬರುತ್ತಿರಲಿಲ್ಲ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ 300 ಕ್ಯಾಲರಿ ಶಕ್ತಿಯನ್ನೂ 8ರಿಂದ 12 ಗ್ರಾಂ ಪ್ರೋಟೀನನ್ನೂ ಕೊಡುವ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಶಾಲೆಯಲ್ಲಿಯೇ ಬಡಿಸಬೇಕೆಂದು ಆಜ್ಞಾಪಿಸಿತು. ಆ ತರುವಾಯ 2002ರಲ್ಲಿ ರಾಜ್ಯದ ಉತ್ತರಭಾಗದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹವೆಂಬ ಹೆಸರಿನ ಬಿಸಿಯೂಟವು ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ, ಕಾಲಕ್ರಮದಲ್ಲಿ ಹತ್ತನೆಯ ತರಗತಿಯವರೆಗೂ ಹಬ್ಬಿತು. ಕಿರಿಯ ತರಗತಿಗಳ ಮಗುವಿಗೆ 450 ಕ್ಯಾಲರಿ ಮತ್ತು 12 ಗ್ರಾಂ ಪ್ರೋಟೀನು, ಹಿರಿಯ ಪ್ರಾಥಮಿಕದವರಿಗೆ 700 ಕ್ಯಾಲರಿ ಮತ್ತು 20 ಗ್ರಾಂ ಪ್ರೋಟೀನು ಎಂಬುದು ಅನಂತರ ನಿಗದಿಯಾದ ಪ್ರಮಾಣ. ಬೆಳಗಿನ ಅಂತರದ ಕಡೆಗೆ ದೃಷ್ಟಿ ಹರಿದುದು ಅದಕ್ಕೂ ಈಚೆಗೆ. 2013ರ ಆಗಸ್ಟ್ ತಿಂಗಳಿನಲ್ಲಿ ಕ್ಷೀರಭಾಗ್ಯ ಯೋಜನೆಯ 150 ಮಿಲಿಲೀಟರ್ ಹಾಲು ಬಂದಿತು, 2024ರಲ್ಲಿ ವಾರದ ಕೆಲವು ದಿನ ಅದರೊಡನೆ ರಾಗಿಯೂ ಸೇರಿತು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ತಲೆಸುತ್ತಿ ಕುಸಿಯುವ ಮಗುವನ್ನು ಎತ್ತಿ ಕೂರಿಸಿದ ಉಪಾಧ್ಯಾಯರಿಗೆ ಆ ಲೋಟ ಹಾಲಿನ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಹಾಗಾದರೆ ಉಳಿದುದೇನು? ಸಂಜೆ. ಶಾಲೆ ಬಿಟ್ಟ ಹೊತ್ತಿನಿಂದ ರಾತ್ರಿಯ ಊಟದವರೆಗಿನ ಅವಧಿಯು ಸರ್ಕಾರದ ಯೋಜನೆಗಳಲ್ಲಿಯೂ ಮನೆಯ ಯೋಜನೆಯಲ್ಲಿಯೂ ಅನಾಥವಾಗಿದೆ. ಮಗುವಿನ ಇಡೀ ದಿನದ ಆಹಾರಕ್ರಮವು ಕೆಡುವುದು ಈ ಸಂಧಿಯಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಂಗಳೂರಿನಂಥ ನಗರದಲ್ಲಿ ಆರು ಮುಕ್ಕಾಲಿಗೆ ಶಾಲೆಯ ವಾಹನವನ್ನೇರುವ ಮಗುವಿನ ದಿನವನ್ನು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅದು ಬೆಳಿಗ್ಗೆ ಏನನ್ನೂ ತಿನ್ನಲೊಲ್ಲದು. ತಾಯಂದಿರು ಇದನ್ನು ಹಟವೆಂದೆಣಿಸಿ ನೊಂದುಕೊಳ್ಳುತ್ತಾರೆ. ಆದರೆ ರಾತ್ರಿ ಒಂಬತ್ತೂವರೆಗೆ ಉಂಡು, ಹತ್ತೂವರೆಗೆ ಮಲಗಿ, ಐದೂಮುಕ್ಕಾಲಿಗೆ ಎಬ್ಬಿಸಲ್ಪಟ್ಟ ದೇಹದಲ್ಲಿ ಹಸಿವು ಇನ್ನೂ ಎಚ್ಚತ್ತಿರುವುದಿಲ್ಲ. ರಾತ್ರಿಯ ಊಟ ಅಷ್ಟು ತಡವಾದುದಾದರೂ ಏಕೆ? ಸಂಜೆ ಆರರ ಸುಮಾರಿಗೆ ಬಿಸ್ಕತ್ತೋ, ಬೇಕರಿಯ ಪಫ್ಸೋ ಹೊಟ್ಟೆಯನ್ನು ಸೇರಿ ಏಳೂವರೆಯ ಹಸಿವನ್ನು ಕೊಂದುದರಿಂದ. ಅದಾದರೂ ಹೊಟ್ಟೆಯನ್ನು ಏಕೆ ಸೇರಿತು? ನಾಲ್ಕು ಗಂಟೆಗೆ ಮನೆಯನ್ನು ಹೊಕ್ಕ ಮಗುವಿಗೆ ಊಟವೆಂಬ ಹೆಸರಿಗೆ ತಕ್ಕುದೊಂದು ಅಲ್ಲಿ ಇರಲಿಲ್ಲವಾದುದರಿಂದ. ಹೀಗೆ ಬೆಳಗಿನ ಉಪವಾಸದ ಬೇರು ಹಿಂದಿನ ದಿನದ ಸಂಜೆಯಲ್ಲಿರುವುದರಿಂದ, ಬೆಳಗಿನ ತಿಂಡಿಯನ್ನು ಎಷ್ಟು ಬಗೆಯಾಗಿ ಬದಲಾಯಿಸಿದರೂ ದೋಷವು ಪರಿಹಾರವಾಗುವುದಿಲ್ಲ.

ದೇಹಶಾಸ್ತ್ರವೂ ಇದನ್ನು ಸಮರ್ಥಿಸುತ್ತದೆ. ಯಕೃತ್ತಿನಲ್ಲಿ ಶೇಖರವಾಗುವ ಗ್ಲೈಕೋಜನ್ನು ಮಗುವಿನಲ್ಲಿ ವಯಸ್ಕರಿಗಿಂತ ಅಲ್ಪ, ದೇಹದ ಪ್ರಮಾಣಕ್ಕೆ ಹೋಲಿಸಿದರೆ ಮೆದುಳು ದೊಡ್ಡದು, ಅದರ ಗ್ಲೂಕೋಸಿನ ಬೇಡಿಕೆ ಹೆಚ್ಚು, ಹೊಟ್ಟೆಯಾದರೋ ಚಿಕ್ಕದು. ಆದಕಾರಣ ಒಮ್ಮೆಗೇ ಬಹಳ ಉಣಿಸಿ ಬಹಳ ಹೊತ್ತು ಬಿಡುವ ಕ್ರಮವು ಅವರಿಗೆ ಒಗ್ಗುವಂಥದಲ್ಲ. ಮಗುವು ಎಚ್ಚರವಾಗಿರುವ ಅವಧಿಯಲ್ಲಿ ಎರಡು ಆಹಾರಗಳ ನಡುವೆ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿರದಂತೆ ನೋಡಿಕೊಳ್ಳುವುದು ಲೇಸು. ಹನ್ನೆರಡೂವರೆಗೆ ಡಬ್ಬಿಯನ್ನು ಬಿಚ್ಚಿದ ಮಗುವಿಗೆ ನಾಲ್ಕು ನಾಲ್ಕೂವರೆಯ ಊಟವು ಇದರಿಂದ ಅನಿವಾರ್ಯವೆಂದೇ ಸಿದ್ಧಿಸುತ್ತದೆ.

ಊಟವೆಂಬ ಶಬ್ದವನ್ನು ಇಲ್ಲಿ ಬುದ್ಧಿಪೂರ್ವಕವಾಗಿಯೇ ಬಳಸಿದ್ದೇನೆ. ಶಾಲೆಯಿಂದ ಬಂದೊಡನೆ ಕೈಕಾಲು ತೊಳೆದ ಮಗುವಿಗೆ ಮುದ್ದೆ ಸೊಪ್ಪಿನ ಸಾರನ್ನೋ, ಅನ್ನ ಹುಳಿಯನ್ನೋ, ರೊಟ್ಟಿ ಪಲ್ಯವನ್ನೋ ಬಡಿಸಿದರೆ, ಅದು ದಿನದ ಅತ್ಯಂತ ಸಂತೃಪ್ತಿಯ ಊಟವಾಗಿ, ರಾತ್ರಿ ಏಳೂವರೆ ಎಂಟರ ಊಟವು ಹಗುರಾಗಿ, ನಿದ್ರೆ ಬೇಗ ಬಂದು, ಬೆಳಗಿನ ಹಸಿವು ತಾನಾಗಿಯೇ ಮರಳುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ನಾಲ್ಕು ಗಂಟೆಗೆ ಮುದ್ದೆ ತೊಳಸುವವರು ಯಾರೆಂಬ ಪ್ರಶ್ನೆಯು ನ್ಯಾಯವಾದುದೇ. ಇದಕ್ಕೆ ಹಳೆಯ ಮೈಸೂರಿನ ಮನೆಗಳು ಎಂದೋ ಉತ್ತರವನ್ನು ಕಂಡುಕೊಂಡಿದ್ದವು: ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ ಹದವಾಗಿ ನೆನೆಯಗೊಟ್ಟು, ಕಾದ ಬಾಣಲೆಯಲ್ಲಿ ಅರಳುವಂತೆ ಹುರಿದು, ಬೀಸಿ ಜರಡಿ ಹಿಡಿದ ಈ ಹಿಟ್ಟು ವಾರಗಟ್ಟಲೆ ಕೆಡದು. ಹಾಲು, ಬೆಲ್ಲ, ತೆಂಗಿನತುರಿಯೊಡನೆ ಕಲಸಿಕೊಳ್ಳಲು ಒಲೆಯೂ ಬೇಡ, ಹಿರಿಯರೂ ಬೇಡ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಅಷ್ಟೇ ತೂಕದ ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು ಮಾತ್ರವೆಂಬುದನ್ನು ನೆನೆದರೆ, ಎಂಟು ವರ್ಷದ ಮಗುವು ತಾನೇ ಕಲಸಿಕೊಂಡು ತಿನ್ನಬಲ್ಲ ಇಂಥ ಇನ್ನೊಂದು ಆಹಾರವು ದುರ್ಲಭವೆಂದೇ ಹೇಳಬೇಕು. ಉತ್ತರ ಕರ್ನಾಟಕದಲ್ಲಿ ಈ ಸ್ಥಾನವನ್ನು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿಮೊಸರು ತುಂಬಬಲ್ಲವು. ತಿಂಗಳು ಇಟ್ಟರೂ ಕೆಡದ ರೊಟ್ಟಿಯು ಶಾಲೆಯ ಮಗುವಿಗಾಗಿಯೇ ಹುಟ್ಟಿತೋ ಎನ್ನುವಂತಿದೆ.

ಡಬ್ಬಿಯ ವಿಷಯದಲ್ಲಿ ಒಂದೆರಡು ಮಾತು ಸಾಕು. ಇಪ್ಪತ್ತು ನಿಮಿಷದ ಬಿಡುವಿನಲ್ಲಿ ಕೈತೊಳೆಯುವ ಸಾಲಿಗೆ ಐದು ನಿಮಿಷ ಹೋದರೆ ಉಳಿದ ಹೊತ್ತಿನಲ್ಲಿ ಅಗಿದು ಮುಗಿಯುವಂಥದನ್ನೇ ಕಟ್ಟಬೇಕು. ಆರಿದ ಮೇಲೆ ಬಿರುಸಾಗುವ ಅಕ್ಕಿರೊಟ್ಟಿಯೂ, ಬಿಸಿ ಕಳೆದರೆ ರುಚಿಗೆಡುವ ಮುದ್ದೆಯೂ ಡಬ್ಬಿಗೆ ಸಲ್ಲವು. ಮೊಸರನ್ನವನ್ನು ಕಟ್ಟುವ ಜಾಣರು ಬೆಳಿಗ್ಗೆ ಅನ್ನಕ್ಕೆ ಹಾಲನ್ನೇ ಬೆರೆಸಿ, ಉಗುರುಬೆಚ್ಚಗಿರುವಾಗ ಒಂದು ಚಮಚ ಹೆಪ್ಪು ಹಾಕಿಬಿಡುತ್ತಾರೆ. ಮಧ್ಯಾಹ್ನಕ್ಕೆ ಅದು ಹುಳಿಯಾಗದೆ ಹದವಾಗಿ ಹೆತ್ತಿರುತ್ತದೆ. ಇದು ರುಚಿಗೆ ಮಾತ್ರ ಸಂಬಂಧಿಸಿದ ಉಪಾಯವಲ್ಲ. ಬೆಂದ ಅನ್ನವು ಬೆಚ್ಚನೆಯ ಮುಚ್ಚಿದ ಡಬ್ಬಿಯಲ್ಲಿ ಗಂಟೆಗಟ್ಟಲೆ ಇದ್ದರೆ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಾಣು ಬೆಳೆದು ವಾಂತಿಯನ್ನುಂಟುಮಾಡಬಲ್ಲುದು; ಹೆಪ್ಪಿನ ಹುಳಿ, ಚಿತ್ರಾನ್ನದ ನಿಂಬೆ, ಪುಳಿಯೋಗರೆಯ ಹುಣಿಸೆ ಇವು ಅದರ ಬೆಳವಣಿಗೆಯನ್ನು ತಕ್ಕಮಟ್ಟಿಗೆ ತಡೆಯುತ್ತವೆ.

ಶನಿವಾರದ ಬೆಳಗಿನ ಶಾಲೆಯೂ, ಬೇಸಗೆಯಲ್ಲಿ ಕಲಬುರಗಿ, ರಾಯಚೂರುಗಳ ಕಡೆ ಬಿಸಿಲಿಗೆ ಅಂಜಿ ಮುಂಚೆ ತೆರೆಯುವ ಶಾಲೆಯೂ ವಾರದ ಲೆಕ್ಕವನ್ನು ಒಮ್ಮೆಗೇ ಎರಡು ಗಂಟೆ ಹಿಂದಕ್ಕೆ ಎಳೆಯುತ್ತವೆ. ಅಂದು ಮನೆಯಲ್ಲಿ ತಿಂಡಿಯು ಸಿದ್ಧವಾಗಿರುವುದಿಲ್ಲ. ಮಲೆನಾಡಿನ ಒಂಟಿಮನೆಗಳಿಂದ ಗದ್ದೆಯಂಚು, ಸಂಕ ದಾಟಿ ಬರುವ ಮಕ್ಕಳಿಗಂತೂ ಎಂಟು ಗಂಟೆಯ ಶಾಲೆಯೆಂದರೆ ಆರೂವರೆಯ ಹೊರಡುವಿಕೆ. ಶಾಲೆಯ ಉಪ್ಪಿಟ್ಟನ್ನೋ ಬಿಸಿಬೇಳೆ ಬಾತನ್ನೋ ಪಾಠಗಳು ಮುಗಿದ ಮೇಲೆ ಬಡಿಸುವ ಬದಲು, ಅಂದು ಮೊದಲ ಎರಡು ಪಾಠಗಳಾದೊಡನೆ ಬಡಿಸುವುದು ಯುಕ್ತ. ಇದರಿಂದ ಸಾಮಗ್ರಿಯ ಖರ್ಚೇನೂ ಹೆಚ್ಚುವುದಿಲ್ಲ. ಅಡುಗೆಯವರು ಒಂದು ಗಂಟೆ ಮುಂಚೆ ಬರಬೇಕಾಗುವುದರಿಂದ ಅವರ ಅನುಕೂಲವನ್ನೂ ಸಂಭಾವನೆಯನ್ನೂ ಲಕ್ಷಿಸಬೇಕಾದುದು ಮಾತ್ರ ಅವಶ್ಯ.

ಇದೆಲ್ಲಕ್ಕಿಂತ ಹೆಚ್ಚು ಕಳವಳಕರವಾದುದು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳ ಸ್ಥಿತಿ. ಫಲಿತಾಂಶವು ಉತ್ತಮವಾಗಬೇಕೆಂಬ ಶ್ಲಾಘ್ಯವಾದ ಉದ್ದೇಶದಿಂದ ಅನೇಕ ಪ್ರೌಢಶಾಲೆಗಳಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ವಿಶೇಷ ತರಗತಿಯು ಆರಂಭವಾಗಿ, ಸಂಜೆ ಶಾಲೆ ಬಿಟ್ಟ ಮೇಲೆಯೂ ಇನ್ನೊಂದು ಗಂಟೆ ನಡೆಯುತ್ತದೆ. ಬಸ್ಸು ಹಿಡಿದು ಊರನ್ನು ಮುಟ್ಟುವ ವೇಳೆಗೆ ದೀಪ ಹಚ್ಚುವ ಹೊತ್ತು. ಮಧ್ಯಾಹ್ನದ ಬಿಸಿಯೂಟವಾದ ಮೇಲೆ ಐದಾರು ಗಂಟೆಗಳ ಕಾಲ, ವೇಗವಾಗಿ ಬೆಳೆಯುವ ಪ್ರಾಯದಲ್ಲಿ, ಅವರ ಹೊಟ್ಟೆಗೆ ನೀರಲ್ಲದೆ ಮತ್ತೇನೂ ಬೀಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆಯಿದೆ. ಆ ವಯಸ್ಸಿನ ಹೊಸ್ತಿಲಲ್ಲಿರುವವರೇ ಹತ್ತನೆಯ ತರಗತಿಯ ಈ ಬಾಲಿಕೆಯರು. ಸಂಜೆ ಮನೆಗೆ ಬಂದೊಡನೆ ಕೊಡುವ ಚಹವು, ಒಡನೆಯೇ ಉಣ್ಣುವ ಸೊಪ್ಪು ಕಾಳುಗಳಲ್ಲಿನ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳದಂತೆ ಮತ್ತಷ್ಟು ತಡೆಯುತ್ತದೆ.

ವಿಶೇಷ ತರಗತಿಯ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸುವ ಮುಖ್ಯೋಪಾಧ್ಯಾಯರು, ಗಣಿತ, ವಿಜ್ಞಾನಗಳ ಮೇಲೆ ನಾಲ್ಕೂಕಾಲು ಗಂಟೆಯೆಂದು ಬರೆದು ಅದರ ಮುಂದೆ ಹದಿನೈದು ನಿಮಿಷದ ಆಹಾರವನ್ನೂ ನಮೂದಿಸಬೇಕು. ಹಿಂದಿನ ದಿನ ನೆನೆಹಾಕಿ ಮೊಳಕೆ ಬಂದ ಹೆಸರುಕಾಳಿಗೆ ಉಪ್ಪು, ನಿಂಬೆರಸ, ತೆಂಗಿನತುರಿ ಬೆರೆಸಿದ ಒಂದು ಬಟ್ಟಲು ಕೋಸಂಬರಿ, ಜೊತೆಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಒಂದು ತುಂಡು ಬೆಲ್ಲ. ಮೊಳಕೆಯಿಂದ ಕಾಳಿನಲ್ಲಿ ಕಬ್ಬಿಣದ ಹೀರಿಕೆಯನ್ನು ತಡೆಯುವ ಫೈಟೇಟ್ ತಗ್ಗುತ್ತದೆ, ನಿಂಬೆಯ ಸಿ ಜೀವಸತ್ತ್ವವು ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ, ಒಲೆಯ ಅಗತ್ಯವಂತೂ ಇಲ್ಲ. ಬಿಸಿಯೂಟದ ಬೇಳೆಕಾಳುಗಳ ಕೋಣೆಯೂ ಪಾತ್ರೆಗಳೂ ಅಲ್ಲಿಯೇ ಇರುವುದರಿಂದ, ಶಾಲಾಭಿವೃದ್ಧಿ ಸಮಿತಿಯವರು ಕಾಳಿನ ವೆಚ್ಚವನ್ನು ಮಾತ್ರ ವಹಿಸಿಕೊಂಡರೆ, ಪರೀಕ್ಷೆಯ ಮುಂಚಿನ ತಿಂಗಳುಗಳಲ್ಲಿಯಾದರೂ ಈ ಏರ್ಪಾಡನ್ನು ಈ ವರ್ಷದಿಂದಲೇ ನಡೆಸಬಹುದಾಗಿದೆ.