ಸೋಲಿಗರ ನಾಟಿ ವೈದ್ಯ

ಸೋಲಿಗರ ನಾಟಿ ವೈದ್ಯವು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಹಾಗೂ ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ವಾಸಿಸುವ ಸೋಲಿಗ ಸಮುದಾಯದ ಸಾಂಪ್ರದಾಯಿಕ ಚಿಕಿತ್ಸಾ ಪದ್ಧತಿ. ಯಳಂದೂರು, ಕೊಳ್ಳೇಗಾಲ ಮತ್ತು ಹನೂರು ತಾಲೂಕುಗಳ ಪೋಡುಗಳಲ್ಲಿ (ಸೋಲಿಗರ ಹಾಡಿ) ಇದು ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಹಿರಿಯರಿಂದ ಕಿರಿಯರಿಗೆ ಸಾಗಿಬಂದಿದೆ.

ಮದ್ದುಗಳು

ಕೆಮ್ಮಿಗೆ ಆಡುಸೋಗೆ, ಜ್ವರಕ್ಕೆ ಅಮೃತಬಳ್ಳಿ, ಕಾಮಾಲೆಗೆ ನೆಲನೆಲ್ಲಿ, ಹೊಟ್ಟೆಯ ತೊಂದರೆಗೆ ಅಳಲೆಕಾಯಿ ಈ ಭಾಗದಲ್ಲಿ ಸಾಮಾನ್ಯ ಮದ್ದುಗಳು. ಇವುಗಳಲ್ಲಿ ಕೆಲವಕ್ಕೆ ವೈಜ್ಞಾನಿಕ ಆಧಾರವೂ ಇದೆ. ಕಫ ಕರಗಿಸಲು ವೈದ್ಯರು ಕೊಡುವ ಬ್ರೋಮ್‌ಹೆಕ್ಸಿನ್ ಔಷಧವನ್ನು ಆಡುಸೋಗೆಯಲ್ಲಿರುವ ವ್ಯಾಸಿಸಿನ್ ಎಂಬ ರಾಸಾಯನಿಕದ ಮಾದರಿಯಲ್ಲಿ ತಯಾರಿಸಲಾಯಿತು. ನೆಲನೆಲ್ಲಿಯ ವಿಷಯದಲ್ಲಿ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಉಪ್ಪಿನಕಾಯಿಗೂ ಬಳಸುವ ಮಾಗಳಿ ಬೇರನ್ನು ದೇಹಕ್ಕೆ ತಂಪೆಂದು ಸೇವಿಸುತ್ತಾರೆ. ಬುಡಸಮೇತ ಅಗೆದರೆ ಬಳ್ಳಿಯೇ ನಾಶವಾಗುವುದರಿಂದ ಕೆಲವು ಬೇರುಗಳನ್ನು ನೆಲದಲ್ಲಿಯೇ ಉಳಿಸಬೇಕಾಗುತ್ತದೆ.

ಮದ್ದನ್ನು ಹೊರಗೆ ಹೇಳಿದರೆ ಅದರ ಗುಣ ಕುಂದುತ್ತದೆ ಎಂಬ ನಂಬಿಕೆ ನಾಟಿ ವೈದ್ಯರಲ್ಲಿ ವ್ಯಾಪಕವಾಗಿದೆ. ಐರ್ಲೆಂಡಿನ ಹಳ್ಳಿಗಳಲ್ಲಿಯೂ ಕೆಲವು ಚಿಕಿತ್ಸೆಗಳು ಹೀಗೆಯೇ ಒಂದೊಂದು ಮನೆತನದ ಗುಟ್ಟಾಗಿದ್ದವು. ಆದರೆ ಅಲ್ಲಿ 1937–39ರ ಅವಧಿಯಲ್ಲಿ ಶಾಲಾ ಮಕ್ಕಳು ಹಿರಿಯರಿಂದ ಕೇಳಿ ಬರೆದ ಜಾನಪದ ಸಂಗ್ರಹದಲ್ಲಿ ಮನೆಮದ್ದುಗಳೂ ದಾಖಲಾದವು.

ಹಾವಿನ ಕಡಿತ

ನಾಟಿ ವೈದ್ಯದ ಮಿತಿ ಹೆಚ್ಚು ಸ್ಪಷ್ಟವಾಗಿ ಕಾಣುವುದು ಇಲ್ಲಿ. ವಿಷದ ಹಾವು ಕಚ್ಚಿದಾಗಲೂ ಎಷ್ಟೋ ಬಾರಿ ವಿಷ ದೇಹಕ್ಕೆ ಇಳಿದಿರುವುದಿಲ್ಲ. ಅಂಥ ರೋಗಿ ಉಳಿದಾಗ ಅದು ಬೇರಿನ ಅಥವಾ ಮಂತ್ರದ ಫಲವೆಂದು ಜನ ನಂಬುತ್ತಾರೆ. ಕಟ್ಟುಹಾವಿನ ಕಡಿತದಲ್ಲಿ ನೋವು, ಬಾವು ಕಡಿಮೆ. ಉಸಿರಾಟ ನಿಲ್ಲುವ ಹಂತ ಬಂದಾಗ ತಡವಾಗಿರುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷಕ್ಕೆ ಆಸ್ಪತ್ರೆಯಲ್ಲಿ ದೊರೆಯುವ ಪ್ರತಿವಿಷವೇ ಚಿಕಿತ್ಸೆ. ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಹಾನಿಕರ. ಕಾಡಂಚಿನ ಊರುಗಳಲ್ಲಿ ಆಸ್ಪತ್ರೆಯ ದೂರವೇ ಜನರನ್ನು ಮೊದಲು ನಾಟಿ ವೈದ್ಯರ ಬಳಿಗೆ ಕಳುಹಿಸುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಬಿಳಿಗಿರಿರಂಗನ ಬೆಟ್ಟದಲ್ಲಿ ಆಸ್ಪತ್ರೆ ನಡೆಸುತ್ತಿದೆ.

ಕಾಡು ಮತ್ತು ಹಕ್ಕು

ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಬಳಿಕ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಲು ತಡೆ ಬಂದಿತು. ಅರಣ್ಯ ಹಕ್ಕು ಕಾಯ್ದೆಯನ್ವಯ 2011ರಲ್ಲಿ ಅಲ್ಲಿನ ಹಲವು ಪೋಡುಗಳಿಗೆ ಸಮುದಾಯ ಹಕ್ಕು ದೊರೆಯಿತು. ಹೂಗ್ಯಂ ವಲಯವಿರುವ ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಈ ನಡುವೆ ಲಂಟಾನ ಹಬ್ಬಿ ನೆಲಮಟ್ಟದ ಗಿಡಮೂಲಿಕೆಗಳಿಗೆ ಜಾಗವಿಲ್ಲದಂತಾಗಿದೆ. ಹಿಂದೆ ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ‘ತರಗು ಬೆಂಕಿ’ ನಿಂತದ್ದೇ ಇದಕ್ಕೆ ಕಾರಣವೆಂಬುದು ಸೋಲಿಗರ ವಾದ.