ಕರ್ನಾಟಕದ ಕರಾವಳಿ ಕಡಲು

ದಕ್ಷಿಣದ ತಲಪಾಡಿಯಿಂದ ಉತ್ತರದ ಮಾಜಾಳಿವರೆಗೆ ಸುಮಾರು 320 ಕಿ.ಮೀ. ಹಬ್ಬಿರುವ ಅರಬ್ಬೀ ಸಮುದ್ರದ ಅಂಚು. ಮುಂಗಾರಿನಲ್ಲಿ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳುತ್ತದೆ, ಸೂಕ್ಷ್ಮ ಪಾಚಿ ದಟ್ಟವಾಗುತ್ತದೆ, ಅದರ ಬೆನ್ನಿಗೆ ಬೂತಾಯಿ, ಬಂಗುಡೆ ಮೀನುಗಳ ಹಿಂಡು ದಡದತ್ತ ಸರಿಯುತ್ತದೆ. ಕೆಲವು ವರ್ಷ ರಾಶಿ ರಾಶಿ ಸಿಗುವ ಬೂತಾಯಿ ಮತ್ತೆ ಕೆಲವು ವರ್ಷ ಕಣ್ಣಿಗೇ ಬೀಳುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಈ ಮೀನಿನಿಂದ ಎಣ್ಣೆ, ಗೊಬ್ಬರ ತೆಗೆಯುವ ಕಾರ್ಖಾನೆಗಳು ಎದ್ದವು. ಇಳುವರಿ ಕುಸಿದಾಗ, 1943ರಲ್ಲಿ, ಆಗ ಈ ಕರಾವಳಿಯ ದಕ್ಷಿಣ ಭಾಗವನ್ನು ಆಳುತ್ತಿದ್ದ ಮದ್ರಾಸ್ ಸರ್ಕಾರ ಅದನ್ನು ಹಿಡಿಯುವುದಕ್ಕೆ ನಿರ್ಬಂಧ ಹಾಕಿತು; ಕೆಲವೇ ವರ್ಷಗಳಲ್ಲಿ ಆ ನಿರ್ಬಂಧವನ್ನು ಹಿಂತೆಗೆದುಕೊಂಡಿತು.

ಯಂತ್ರಗಳು ಬರುವ ಮೊದಲು ಇಲ್ಲಿನ ದೊಡ್ಡ ಬಲೆಯೆಂದರೆ ರಂಪಣಿ. ಪಾಲುದಾರರು ತಂತಮ್ಮ ಬಲೆಯ ತುಂಡು ತಂದು ಜೋಡಿಸುತ್ತಿದ್ದರು. ಹಗ್ಗದ ಒಂದು ತುದಿ ದಡದಲ್ಲಿ ಉಳಿಯುತ್ತಿತ್ತು; ದೋಣಿ ಹಿಂಡನ್ನು ಬಳಸಿ ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತ ಬಂದು ಇನ್ನೊಂದು ತುದಿಯನ್ನು ದಡಕ್ಕೆ ಮುಟ್ಟಿಸುತ್ತಿತ್ತು. ಆಮೇಲೆ ಹತ್ತಾರು ಜನ ಎರಡೂ ಕಡೆಯಿಂದ ಎಳೆಯಬೇಕು. ಮೀನು ವಿಪರೀತ ಬಿದ್ದರೆ ಒಮ್ಮೆಲೇ ಮೇಲೆತ್ತದೆ ಬಲೆಯೊಳಗೇ ಜೀವಂತ ಇಟ್ಟುಕೊಂಡು, ಮಾರುಕಟ್ಟೆ ನೋಡಿ ದಿನಕ್ಕಷ್ಟು ತೆಗೆಯುವುದೂ ಇತ್ತು. ಐಸಿನ ಕಾಲಕ್ಕೆ ಮೊದಲಿನ ಈ ಜಾಣತನಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ಆದರೆ ರಂಪಣಿ ದಡಕ್ಕೆ ಬಂದ ಮೀನನ್ನು ಮಾತ್ರ ಹಿಡಿಯಬಲ್ಲದು. 1970ರ ದಶಕದ ನಡುವಿನಲ್ಲಿ ಬಂದ ಪರ್ಸೀನ್ ದೋಣಿಗಳು ಹಿಂಡನ್ನು ಕಡಲಲ್ಲೇ ಸುತ್ತುಗಟ್ಟಿದವು. ಘರ್ಷಣೆಗಳಾದವು, ದಶಕ ಮುಗಿಯುವಷ್ಟರಲ್ಲಿ ರಂಪಣಿ ನೆಲಕಚ್ಚಿತ್ತು. ಅಷ್ಟೆಲ್ಲ ಆದ ಮೇಲೆ, 1986ರಲ್ಲಿ, ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು.

ಈಗ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಬೋಟುಗಳು ಒತ್ತೊತ್ತಾಗಿ ಲಂಗರು ಹಾಕುತ್ತವೆ. ಕಡಲು ಒಪ್ಪಿದ ದಿನ ನಾಡದೋಣಿಗಳಷ್ಟೇ ಇಳಿಯುತ್ತವೆ. ಮಿಕ್ಕ ತಿಂಗಳುಗಳಲ್ಲಿ ಟ್ರಾಲ್ ಬಲೆ ಸಿಗಡಿಯ ಜೊತೆ ಮರಿಮೀನನ್ನೂ ಬಾಚುತ್ತದೆ, ಬೆಲೆಯಿಲ್ಲದ ಪಾಲು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಹಿಂದೆ ಅಪರೂಪವಾಗಿದ್ದ ಕಪ್ಪು ಮೀನೊಂದು ಈಚೆಗೆ ಹೇರಳವಾಗಿ ಬಲೆಗೆ ಬೀಳತೊಡಗಿದಾಗ ಮೀನುಗಾರರು ಅದಕ್ಕೆ ‘ಕಾರ್ಗಿಲ್’ ಎಂದು ಹೆಸರಿಟ್ಟರು.

ನದೀಮುಖಗಳದ್ದು ಬೇರೆಯೇ ಲೆಕ್ಕ. ಅಣೆಕಟ್ಟಿಲ್ಲದ ಅಘನಾಶಿನಿ ನದಿಯ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ, ಮೀನು. ಇಳಿತದ ಹೊತ್ತಿಗೆ ಕುಮಟಾ ಕಡೆಯ ಹೆಂಗಸರು ಗಂಡಸರು ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಅದೇ ನದೀಮುಖದ ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪ ಜನರ ವಿರೋಧದ ನಡುವೆ ಬಿದ್ದುಹೋಯಿತು. 2024ರಲ್ಲಿ ಈ ಅಳಿವೆ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳಕ್ಕೆ ಅಂಥ ನೆಮ್ಮದಿ ಇರಲಿಲ್ಲ, ಆ ದ್ವೀಪ ನೌಕಾಪಡೆಯ ಗುರಿ ಅಭ್ಯಾಸದ ತಾಣವೂ ಆಗಿತ್ತು.

ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ ಹೊಣೆ, ಅದರಾಚೆ ಕೇಂದ್ರದ್ದು. ಬೂತಾಯಿಗೆ ಈ ಗೆರೆ ಕಾಣುವುದಿಲ್ಲ, ಬೋಟಿನವರಿಗೆ ಚೆನ್ನಾಗಿಯೇ ಕಾಣುತ್ತದೆ. ಬೆಳಕು ಚೆಲ್ಲಿ ಮೀನು ಸೆಳೆಯುವುದನ್ನೂ ಎರಡು ಬೋಟು ಕೂಡಿ ಒಂದೇ ಬಲೆ ಎಳೆಯುವ ಬುಲ್‌ಟ್ರಾಲ್ ಅನ್ನೂ ಕೇಂದ್ರ 2017ರಲ್ಲಿ ತನ್ನ ಪಾಲಿನ ನೀರಿನಲ್ಲಿ ನಿಷೇಧಿಸಿತು. ಆಮೇಲೂ ನಾಡದೋಣಿಯವರು ಬೆಳಕಿನ ಮೀನುಗಾರಿಕೆ ನಿಲ್ಲಿಸಿ ಎಂದು ಬೀದಿಗಿಳಿದಿದ್ದಾರೆ. ಪರ್ಸೀನ್‌ನವರು ಅದಕ್ಕೆ ಅವಕಾಶ ಕೊಡಿ ಎಂದು ಕೇಳುತ್ತ ಬಂದಿದ್ದಾರೆ.